ಕೆಂಪು ಬಟ್ಟೆ ಕಟ್ಟದ ಸೋಮವಾರ

ಮಳವಳ್ಳಿಯಿಂದ ಬರುವ ಬಸ್ಸು ಮದ್ದೂರು ಮುಟ್ಟುವ ಸ್ವಲ್ಪ ಮುಂಚೆ ಎಡಗಡೆ ಒಂದು ಮೋಟಾರ್ ರೀವೈಂಡಿಂಗ್ ಅಂಗಡಿ ಸಿಗುತ್ತದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಲು ಹೊರಗೆ ಸಾಲಾಗಿ ಇಟ್ಟಿರುತ್ತಾರೆ. ಆ ವಾರ್ನಿಷ್ ವಾಸನೆ ಬಸ್ಸಿನೊಳಗೆ ನುಗ್ಗುವ ಮೊದಲೇ ನಾನು ಕಿಟಕಿಯ ಗಾಜು ಎಳೆದುಬಿಡುತ್ತೇನೆ. ಗುತ್ತಲಿನ ನಮ್ಮ ಮನೆಯಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಲು ಶುರುಮಾಡಿ ಎರಡು ವರ್ಷವಾಯಿತು. ಎರಡು ವರ್ಷವೂ ಆ ಗಾಜು ಎಳೆದಿದ್ದೇನೆ.

ಹೋದ ವಾರ ಗಾಜು ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಎಳೆದರೂ ಅಲುಗಲಿಲ್ಲ. ವಾಸನೆ ಒಳಗೆ ಬಂತು. ನೋಡಿಕೊಂಡರೆ ನನ್ನ ಎರಡೂ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು, ಬೆರಳ ಗಿಣ್ಣು ಬೆಳ್ಳಗಾಗಿದ್ದವು. ಬಿಡಿಸಿಕೊಳ್ಳಲು ಹೋದೆ, ಒಂದು ಕ್ಷಣ ಬರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವ, ವಾಂತಿ ಬಂದಂಗಾಯ್ತದಾ? ಕಂಡಕ್ಟ್ರೇ, ಸ್ವಲ್ಪ ನಿಲ್ಸಿ" ಎಂದು ಕೂಗಿಬಿಟ್ಟರು. ಬಸ್ಸು ನಿಂತಿತು. ನಾನು ಇಳಿದೆ.

ಅಂಗಡಿ ಇಬ್ರಾಹಿಂ ಸಾಬರದು. ಅವರ ಮಗಳು ನಸ್ರೀನ್ ಮತ್ತು ನಾನು ಎಂಎಸ್‌ಸಿ ಮುಗಿಸಿ ಮಂಡ್ಯದ ಒಂದು ಸಣ್ಣ ಸಂಶೋಧನಾ ಲ್ಯಾಬಿನಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದೆವು. ಮೂರು ವರ್ಷದ ಹಿಂದಿನ ಮೇ ತಿಂಗಳ ಒಂದು ಸೋಮವಾರ ಮಧ್ಯಾಹ್ನದವರೆಗೂ.

ಆ ಕೆಲಸ ಏನೆಂದು ಊರಿನವರಿಗೆ ಹೇಳುವುದು ನನಗೆ ಬರುತ್ತಿರಲಿಲ್ಲ. ಜೀವಕೋಶದೊಳಗೆ ಕೆಟ್ಟುಹೋದ, ಬೇಡವಾದ ಪ್ರೋಟೀನುಗಳನ್ನು ವಿಲೇವಾರಿ ಮಾಡುವ ಏರ್ಪಾಟೊಂದಿದೆ. ಯಾವುದನ್ನು ಒಡೆದುಹಾಕಬೇಕೋ ಅದಕ್ಕೆ ಯುಬಿಕ್ವಿಟಿನ್ ಎನ್ನುವ ಪುಟ್ಟ ಪ್ರೋಟೀನು ಚೀಟಿಯಂತೆ ಅಂಟಿಕೊಳ್ಳುತ್ತದೆ. ಒಂದರ ಮೇಲೊಂದು ನಾಲ್ಕಾರು ಚೀಟಿ ಬಿದ್ದರೆ ಆ ಪ್ರೋಟೀನಿನ ಕತೆ ಮುಗಿದಂತೆ. ಅಂಟಿಸುವುದಕ್ಕೆ ಮೂರು ಕಿಣ್ವಗಳು ಬೇಕು. ಚೀಟಿಯನ್ನು ಎತ್ತಿಕೊಳ್ಳುವುದೊಂದು, ಹೊತ್ತೊಯ್ಯುವುದೊಂದು, ಇಂಥದ್ದಕ್ಕೇ ಅಂಟಿಸು ಎಂದು ತೋರಿಸುವುದೊಂದು. ಜೊತೆಗೆ ಶಕ್ತಿ ಕೊಡಲು ಎಟಿಪಿ. ಕಬ್ಬಿಗೆ ಕೆಂಪು ಕೊಳೆ ರೋಗ ಬಂದಾಗ ಗಿಡದ ಒಂದು ಪ್ರೋಟೀನಿಗೆ ಹೀಗೆ ಚೀಟಿ ಬೀಳುತ್ತದೆಯೇ, ಬಿದ್ದರೆ ಯಾವ ಕಿಣ್ವ ತೋರಿಸಿಕೊಡುತ್ತದೆ ಎನ್ನುವುದು ನಮ್ಮ ಪ್ರಶ್ನೆ. ಜೀವಕೋಶದೊಳಗೆ ಸಾವಿರ ಸಂಗತಿ ಒಟ್ಟಿಗೆ ನಡೆಯುವುದರಿಂದ ಯಾರು ಮಾಡಿದ್ದು ಎಂದು ಹೇಳಲಾಗುವುದಿಲ್ಲ. ಅದಕ್ಕೇ ಒಂದೊಂದನ್ನೂ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಶುದ್ಧ ಮಾಡಿ, ಬೆರಳಿನ ತುದಿಯಷ್ಟು ಉದ್ದದ ಕೊಳವೆಯಲ್ಲಿ ಬೆರೆಸಿ ನೋಡುತ್ತಿದ್ದೆವು.

ನಸ್ರೀನ್ ಇದನ್ನು ತನ್ನ ಅಪ್ಪನಿಗೆ ಒಂದೇ ಮಾತಿನಲ್ಲಿ ಹೇಳಿದ್ದಳು. "ಅಬ್ಬಾ, ನೀನು ಮೋಟ್ರನ್ನ ಬೋರಿಂದ ಮೇಲೆತ್ತಿ ಬೆಂಚ್ ಮೇಲೆ ಮಡಗಿ ಓಡ್ಸಿ ನೋಡಲ್ವಾ? ಹಂಗೇ."

ಈ ವಿಧಾನದ ಜೀವ ಇರುವುದು ಬಿಡುವುದರಲ್ಲಿ. ಒಂದು ಕೊಳವೆಗೆ ಎಲ್ಲವನ್ನೂ ಹಾಕುತ್ತೇವೆ. ಇನ್ನೊಂದಕ್ಕೆ ಎಟಿಪಿ ಬಿಟ್ಟು ಉಳಿದದ್ದೆಲ್ಲ. ಮತ್ತೊಂದಕ್ಕೆ ಮೊದಲ ಕಿಣ್ವ ಬಿಟ್ಟು ಉಳಿದದ್ದೆಲ್ಲ. ಹೀಗೆ ಒಂದೊಂದು ಕೊಳವೆಗೆ ಒಂದೊಂದನ್ನು ಬಿಡುತ್ತಾ ಹೋಗಬೇಕು. ಎಲ್ಲವೂ ಇರುವ ಕೊಳವೆಯಲ್ಲಿ ಮಾತ್ರ ಚೀಟಿ ಬಿದ್ದಿದ್ದರೆ, ಬಿಟ್ಟ ವಸ್ತುವಿನ ಬೆಲೆ ಏನೆಂದು ಗೊತ್ತಾಗುತ್ತದೆ. "ಬಿಟ್ಟು ನೋಡ್ದೆ ಯಾವ್ದುನ್ನೂ ನಂಬ್ಬೇಡಿ ಕಣ್ರಮ್ಮಿ" ಎಂದು ನಮಗೆ ಕಲಿಸಿದವನು ಶಿವಲಿಂಗಣ್ಣ.

ಶಿವಲಿಂಗಣ್ಣ ಲ್ಯಾಬಿನ ಹಿರಿಯ ವಿದ್ಯಾರ್ಥಿ. ಪೂರಿಗಾಲಿಯವನು. ಪಿಎಚ್‌ಡಿಯ ಕೊನೆಯ ವರ್ಷ. ಲ್ಯಾಬಿನ ಮುಖ್ಯಸ್ಥೆ ಮೇಡಂ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಲ್ಯಾಬು ಅವನದೇ. ಪೈಪೆಟ್ ಹಿಡಿಯುವುದರಿಂದ ಹಿಡಿದು ಬೈಸಿಕೊಂಡಾಗ ಅಳದಿರುವುದರವರೆಗೆ ಎಲ್ಲವನ್ನೂ ಅವನೇ ಹೇಳಿಕೊಟ್ಟ. ನಾನು ಜ್ವರ ಬಂದು ಮಲಗಿದಾಗ ನನ್ನ ಬ್ಯಾಕ್ಟೀರಿಯಾಗಳಿಗೆ ಎರಡು ದಿನ ಅವನೇ ಆಹಾರ ಹಾಕಿದ್ದ. ಊರಿಂದ ಬರುವಾಗ ಅವರವ್ವ ಕೊಟ್ಟ ಒತ್ತು ಶಾವಿಗೆ ತಂದು, "ತಿನ್ರಮ್ಮಿ, ಪೇಪರ್ ಓದಿ ಓದಿ ಒಣೀಕೊಂಡಿದೀರಿ" ಎನ್ನುತ್ತಿದ್ದ. ನನಗೆ ಅಣ್ಣ ಇಲ್ಲ. ಅವನನ್ನು ಅಣ್ಣ ಎನ್ನುವಾಗ ಬಾಯಿಮಾತಿಗೆ ಅಂದದ್ದಲ್ಲ.

ಕೊಳವೆಯಲ್ಲಿ ಚೀಟಿ ಬಿತ್ತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಒಂದು ಗಂಟೆ ಬಿಸಿನೀರಿನ ತೊಟ್ಟಿಯಲ್ಲಿಟ್ಟ ಮೇಲೆ ಅದನ್ನು ಲೋಳೆಯಂಥ ಜೆಲ್ಲಿನ ಹಾಳೆಯಲ್ಲಿ ಓಡಿಸಿ, ಅಲ್ಲಿಂದ ಒಂದು ತೆಳು ಬಿಳಿ ಪೊರೆಗೆ ಇಳಿಸಬೇಕು. ಇಳಿಸುವುದು ಕರೆಂಟಿನಿಂದ. ಗಾಜಿನ ತೊಟ್ಟಿಯಂಥ ಟ್ಯಾಂಕು, ಅದರ ತುಂಬ ಉಪ್ಪು ಮತ್ತು ಮೆಥನಾಲ್ ಬೆರೆಸಿದ ದ್ರಾವಣ, ಎರಡು ಬದಿಗೆ ಎರಡು ತಂತಿ, ಬಿಸಿಯಾಗದಿರಲು ಒಂದು ಐಸ್ ಡಬ್ಬಿ. ಪಕ್ಕದಲ್ಲಿ ಕರೆಂಟು ಕೊಡುವ ಪವರ್‌ಪ್ಯಾಕು. ಟ್ಯಾಂಕಿನ ಮುಚ್ಚಳ ತೆಗೆದರೆ ಕರೆಂಟು ತಾನಾಗಿಯೇ ಕಡಿದುಹೋಗುವಂತೆ ಅದನ್ನು ಮಾಡಿರುತ್ತಾರೆ. ನಮ್ಮದರ ಮುಚ್ಚಳ ಹಿಂದಿನ ವರ್ಷವೇ ಸೀಳಿತ್ತು. ಹೊಸದು ಬರುತ್ತದೆ, ಬರುತ್ತದೆ ಎಂದು ಮೇಡಂ ಹೇಳುತ್ತಲೇ ಇದ್ದರು. ಅಲ್ಲಿಯವರೆಗೆ ಇರಲಿ ಎಂದು ನಸ್ರೀನ್ ಅಪ್ಪನ ಅಂಗಡಿಯಿಂದ, ಮುಚ್ಚಳದ ಹಂಗಿಲ್ಲದೆ ಟ್ಯಾಂಕಿಗೆ ನೇರವಾಗಿ ಕರೆಂಟು ಕೊಡುವ ಎರಡು ಕ್ಲಿಪ್ಪು ತಂದಳು. ಇಬ್ರಾಹಿಂ ಸಾಬರು ತಂತಿಗೆ ಬೆಸುಗೆ ಹಾಕಿ, ಮೇಲೆ ರಬ್ಬರ್ ಕೊಳವೆ ತೊಡಿಸಿ, ಬಹಳ ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದರು. ಮುಚ್ಚಳ ಈಗ ಬರೀ ಮುಚ್ಚಳ. ತೆಗೆದರೂ ಕರೆಂಟು ಕಡಿಯುತ್ತಿರಲಿಲ್ಲ.

"ಇದಕ್ಕೆ ಎದ್ರಬ್ಯಾಡಿ" ಎಂದಿದ್ದ ಶಿವಲಿಂಗಣ್ಣ. "ಕರೆಂಟ್ ಓದ್ರೆ ಪವರ್‌ಪ್ಯಾಕು ಸತ್ತಂಗೆ. ಕರೆಂಟ್ ಬಂದ್ರೂ ಏಳಲ್ಲ. ನಾವು ಬಟನ್ ಒತ್ತೋಗಂಟ ಸುಮ್ಕೆ ಕಣ್ಣು ಮಿಟುಕಿಸ್ಕಂಡು ಕುಂತಿರ್ತದೆ."

"ಅಂದ್ರೆ ನಮ್ಮ ಮೋಟ್ರು ಹಂಗೆ ಆಟೋ ಇಲ್ಲ" ಎಂದಳು ನಸ್ರೀನ್.

"ಆಟೋ ಇದ್ರೆ ನಾ ನಿಮ್ಮನ್ನ ಹತ್ರಕ್ಕೇ ಬುಡ್ತಿರ್ಲಿಲ್ಲ" ಎಂದು ನಕ್ಕು, ಊಟದ ಡಬ್ಬಿ ಬಿಚ್ಚುತ್ತಾ ಅವನು ತನ್ನ ಮನೆಯ ಪದ್ಧತಿ ಹೇಳಿದ. ನಮ್ಮ ಕಡೆ ಹೊಲದ ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಕರೆಂಟು ಬಂದೊಡನೆ ಮೋಟಾರು ತಾನೇ ಹತ್ತಿಕೊಳ್ಳುತ್ತದೆ. ಶಿವಲಿಂಗಣ್ಣನ ಅಪ್ಪ ಆಟೋಗೆ ಹಾಕಿದ ದಿನ ಸ್ಟಾರ್ಟರ್ ಡಬ್ಬಕ್ಕೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರಂತೆ. ಬಟ್ಟೆ ಇದ್ದರೆ ಮನೆಯವರು ಯಾರೂ ಮೋಟಾರು ಮುಟ್ಟುವಂತಿಲ್ಲ. ಬಟ್ಟೆ ಬಿಚ್ಚುವ ಹಕ್ಕು ಕಟ್ಟಿದವನಿಗೆ ಮಾತ್ರ. "ಒಂದ್ಸಲಿ ನಾ ಮರ್ತೆ. ನಮ್ಮಪ್ಪ ಬಾರುಕೋಲಲ್ಲಿ ಬಾರ್ಸುದ್ರು. ಇವತ್ಗೂ ಮರೆಯಲ್ಲ ನೋಡ್ರಮ್ಮಿ" ಎಂದು ಬೆನ್ನು ಮುಟ್ಟಿ ತೋರಿಸಿದ. ನಾವು ನಕ್ಕೆವು.

ಆ ಮೇ ತಿಂಗಳು ದಿನವೂ ಒಂದೇ ಥರ. ಬೆಳಗ್ಗೆಯಿಂದ ಬೇಯಿಸುವ ಬಿಸಿಲು, ಮೂರು ಗಂಟೆಯ ಹೊತ್ತಿಗೆ ಕೆಂಪು ಧೂಳೆಬ್ಬಿಸುವ ಗಾಳಿ, ನಾಲ್ಕು ದಪ್ಪ ಹನಿ, ಎಲ್ಲೋ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು. ಯುಪಿಎಸ್ ಇದ್ದದ್ದು ಫ್ರೀಜರಿಗೆ ಮಾತ್ರ. ಶಿವಲಿಂಗಣ್ಣನ ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗಿತ್ತು, ಅವನ ಪೊರೆಗಳು ಅರ್ಧಕ್ಕೇ ನಿಂತು ಹಾಳಾಗುತ್ತಿದ್ದವು.

ಆ ಸೋಮವಾರದ ಕೆಲಸ ನಸ್ರೀನಳದು. ಆರು ಕೊಳವೆ. ಅವಳು ಪೊರೆಯ ಮೂಲೆಯಲ್ಲಿ ಪೆನ್ಸಿಲಿನಿಂದ ತನ್ನ ಹೆಸರಿನ ಮೊದಲಕ್ಷರ ಬರೆದು, ಜೆಲ್ಲಿನ ಜೊತೆ ಸೇರಿಸಿ, ಟ್ಯಾಂಕಿಗಿಳಿಸಿ ಬಟನ್ ಒತ್ತಿದಳು. ಇಪ್ಪತ್ತು ನಿಮಿಷಕ್ಕೆ ಗಾಳಿ ಎದ್ದಿತು. ಫ್ಯಾನು ನಿಂತಿತು.

"ತಗೋ, ಓಯ್ತು" ಎಂದಳು. "ಲೇ ಸವಿತಾ, ಐಸ್ ಕರಗೋಗದೆ. ಕರೆಂಟ್ ಬರೋದ್ರೊಳಗೆ ಬದಲಾಯಿಸ್ಬುಡಣ."

ಅದು ನಮ್ಮ ರೂಢಿ. ಕರೆಂಟು ಹೋದ ಹೊತ್ತನ್ನೇ ಐಸ್ ಬದಲಿಸಲು ಬಳಸಿಕೊಳ್ಳುತ್ತಿದ್ದೆವು. ಪ್ಲಗ್ ತೆಗೆಯುತ್ತಿರಲಿಲ್ಲ; ಒತ್ತುವವರೆಗೂ ಏಳದ ಯಂತ್ರಕ್ಕೆ ಪ್ಲಗ್ ಯಾಕೆ ತೆಗೆಯಬೇಕು? ನಾನು ಫ್ರೀಜರಿನಿಂದ ಹೊಸ ಐಸ್ ಡಬ್ಬಿ ತಂದೆ. ಅವಳು ಮುಚ್ಚಳ ತೆಗೆದು, ಎಡಗೈಯಲ್ಲಿ ಪೊರೆಯ ಚೌಕಟ್ಟು ಹಿಡಿದು, ಬಲಗೈಯಲ್ಲಿ ಹಳೆಯ ಡಬ್ಬಿ ಎತ್ತುತ್ತಿದ್ದಳು. ಗ್ಲೌಸ್ ಬೆವರಿಗೆ ಜಾರುತ್ತದೆಂದು ಬಿಚ್ಚಿಟ್ಟಿದ್ದಳು. ಅವಳ ಎರಡೂ ಕೈ ದ್ರಾವಣದೊಳಗಿದ್ದವು. ಫ್ಯಾನು ಒಮ್ಮೆ ಕಿರ್ ಎಂದಿತು.

ಅದಾದ ಮೇಲಿನದ್ದನ್ನು ನಾನು ಮೂರು ವರ್ಷದಿಂದ ನೋಡುತ್ತಲೇ ಇದ್ದೇನೆ. ತಂತಿಯ ಉದ್ದಕ್ಕೂ ಸಣ್ಣ ಗುಳ್ಳೆಗಳು ಎದ್ದವು. ನಸ್ರೀನ್ ಕೂಗಲಿಲ್ಲ. ಅವಳ ಗಲ್ಲ ಮೇಲೆದ್ದಿತು, ಭುಜ ಕಿವಿಯವರೆಗೆ ಬಂತು, ಹಲ್ಲಿನ ನಡುವೆ ಒಂದು ಸದ್ದು. ನನ್ನನ್ನು ನೋಡುತ್ತಿದ್ದಳು. ನಾನು ಐಸ್ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಎಷ್ಟು ಹೊತ್ತು? ನಾಲ್ಕು ಸೆಕೆಂಡು ಇರಬಹುದು. ಆಮೇಲೆ ಡಬ್ಬಿ ಬಿಸಾಕಿ ಗೋಡೆಯ ಪ್ಲಗ್ ಕಿತ್ತೆ. ಅವಳು ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದಳು. ಬಲ ಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಸದ್ದಿಗೆ ಶಿವಲಿಂಗಣ್ಣ ಓಡಿಬಂದ. ಅವಳನ್ನೆತ್ತಿ ಆಟೋರಿಕ್ಷಾದಲ್ಲಿ ಕೂರಿಸಿದವನು ಅವನೇ. ನಾನು ಹತ್ತಿದೆ. ಅವನು ಹತ್ತಲಿಲ್ಲ.

"ನೀವು ನಡೀರಿ. ನಾ ಬಾಗ್ಲು ಆಕ್ಕಂಡು ಬತ್ತೀನಿ" ಎಂದ.

ಅರ್ಧ ಗಂಟೆಯ ಮೇಲೆ ಆಸ್ಪತ್ರೆಗೆ ಬಂದ. ಲ್ಯಾಬಿನಿಂದ ಆಸ್ಪತ್ರೆಗೆ ಐದು ನಿಮಿಷದ ದಾರಿ.

ನಸ್ರೀನ್ ಉಳಿದಳು. ಭುಜ ಕೂರಿಸಿದರು. ಆದರೆ ನರ ಎಳೆದುಹೋಗಿ, ಬಲಗೈಯ ಕೊನೆಯ ಎರಡು ಬೆರಳಿಗೆ ಸ್ಪರ್ಶ ಬರಲಿಲ್ಲ. ಮೂರನೆಯ ದಿನ ಮೇಡಂ ವರದಿ ಕೇಳಿದರು. ಶಿವಲಿಂಗಣ್ಣ ನನ್ನನ್ನು ಕೂರಿಸಿಕೊಂಡು ಹೇಳಿ ಬರೆಸಿದ. "ನಸ್ರೀನ್ ಅವರು ಪ್ಲಗ್ ತೆಗೆಯದೆ, ಗ್ಲೌಸ್ ಧರಿಸದೆ, ಮುಚ್ಚಳ ತೆಗೆದು ಎರಡೂ ಕೈಗಳನ್ನು ಟ್ಯಾಂಕಿನೊಳಗೆ ಇಟ್ಟರು. ಆಗ ವಿದ್ಯುತ್ ಬಂದಿತು."

"ಇದ್ರಲ್ಲಿ ಸುಳ್ಳು ಐತಾ ನೋಡಮ್ಮಿ" ಎಂದ.

ನಾನು ಎರಡು ಸಲ ಓದಿದೆ. ಒಂದೂ ಸುಳ್ಳಿರಲಿಲ್ಲ. ಸಹಿ ಹಾಕಿದೆ.

ಆ ವರದಿಯ ಮೇಲೆ ನಸ್ರೀನಳ ಅಜಾಗರೂಕತೆ ಎಂದು ತೀರ್ಮಾನವಾಯಿತು. ಲ್ಯಾಬಿನಲ್ಲಿ ಅವಳ ನೋಂದಣಿ ಮುಂದುವರಿಯಲಿಲ್ಲ. ಪೊರೆಯನ್ನು ಮಾತ್ರ ಶಿವಲಿಂಗಣ್ಣ ಆ ದಿನವೇ ಉಳಿದಷ್ಟು ಹೊತ್ತು ಓಡಿಸಿ ಎತ್ತಿಟ್ಟಿದ್ದ. ಮರುದಿನ ಅದರ ಮುಂದಿನ ಕೆಲಸ ಮುಗಿಸಿ ಚಿತ್ರ ತೆಗೆದ. ಎಲ್ಲವೂ ಇದ್ದ ಕೊಳವೆಯ ಸಾಲಿನಲ್ಲಿ ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಗೆರೆ, ಉಳಿದ ಐದು ಸಾಲೂ ಖಾಲಿ. ಅಷ್ಟು ಚೆಂದದ ಫಲಿತಾಂಶ ಆ ಲ್ಯಾಬಿನಲ್ಲಿ ಬಂದಿರಲಿಲ್ಲ. ಅವನ ಪ್ರಬಂಧದಲ್ಲಿ ಆ ಚಿತ್ರವಿದೆ. ಪೆನ್ಸಿಲಿನ ಅಕ್ಷರವಿದ್ದ ಮೂಲೆಯನ್ನು ಕತ್ತರಿಸಲಾಗಿದೆ.

ಹತ್ತು ದಿನ ನನಗೆ ಆ ಟ್ಯಾಂಕಿನ ಹತ್ತಿರ ಹೋಗಲಾಗಲಿಲ್ಲ. ಹನ್ನೊಂದನೆಯ ದಿನ ಹೋದೆ. ಟ್ಯಾಂಕಿಗೆ ಬರೀ ದ್ರಾವಣ ತುಂಬಿ, ಬಟನ್ ಒತ್ತಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಗುಳ್ಳೆ ಎದ್ದವು. ಮೊಣಕೈಯಿಂದ ಗೋಡೆಯ ಸ್ವಿಚ್ಚು ಆರಿಸಿದೆ. ಕರೆಂಟು ಹೋದಂತೆ. ಮತ್ತೆ ಹಾಕಿದೆ. ಕರೆಂಟು ಬಂದಂತೆ.

ಗುಳ್ಳೆ ಏಳಲಿಲ್ಲ. ಪವರ್‌ಪ್ಯಾಕು ಅವನು ಹೇಳಿದಂತೆಯೇ ಕಣ್ಣು ಮಿಟುಕಿಸುತ್ತಾ ಕುಳಿತಿತ್ತು. ಐದು ಸಲ ಮಾಡಿದೆ. ಐದು ಸಲವೂ ಇಲ್ಲ.

ಹಾಗಾದರೆ ಆ ದಿನ ಹೇಗೆ ಎದ್ದವು? ಅವಳ ಎರಡು ಕೈ ದ್ರಾವಣದಲ್ಲಿ, ನನ್ನ ಎರಡು ಕೈ ಐಸ್ ಡಬ್ಬಿಯ ಮೇಲೆ. ಬಟನ್ ಒತ್ತಲು ಐದನೆಯ ಕೈ ಅಲ್ಲಿರಲಿಲ್ಲ.

ಕಪಾಟಿನಿಂದ ಯಂತ್ರದ ಕೈಪಿಡಿ ತೆಗೆದೆ. ಒಂದು ಪುಟದ ಮೂಲೆ ಮಡಿಸಿತ್ತು. ಕರೆಂಟು ಹೋಗಿ ಬಂದರೆ ತಾನೇ ಮುಂದುವರಿಯುವಂತೆ ಮಾಡುವ ಕ್ರಮ ಅಲ್ಲಿತ್ತು. ಪಕ್ಕದಲ್ಲಿ ಶಿವಲಿಂಗಣ್ಣನ ಹಸಿರು ಪೆನ್ನಿನ ಗುರುತು. ಅದರಂತೆ ಮೂರು ಬಟನ್ ಒತ್ತಿದೆ. ಸ್ವಿಚ್ಚು ಆರಿಸಿ ಹಾಕಿದೆ. ತಂತಿಯ ಉದ್ದಕ್ಕೂ ಗುಳ್ಳೆ ಎದ್ದವು, ಆ ದಿನದ ಹಾಗೆಯೇ. ಒಂದನ್ನು ಬಿಟ್ಟಾಗ ಇಲ್ಲ, ಸೇರಿಸಿದಾಗ ಇದೆ. ಅವನೇ ಕಲಿಸಿದ ವಿದ್ಯೆ.

ಅವನು ಒಳಗೆ ಬಂದಾಗ ಕೈಪಿಡಿ ತೆರೆದೇ ಇತ್ತು. ನೋಡಿದ. ಕುರ್ಚಿ ಎಳೆದುಕೊಂಡು ಕೂತ.

"ಸನಿವಾರ ಆಟೋಗೆ ಆಕಿದ್ದೆ" ಎಂದ. "ಪೊರೆ ನಿಂತೋಗ್ಬಾರ್ದು ಅಂತ. ತಗ್ದು ಬರೋದು ಮರ್ತೆ ಕಣಮ್ಮಿ."

"ಕೆಂಪು ಬಟ್ಟೆ?"

ಅವನು ಕೈಪಿಡಿಯ ಮಡಿಸಿದ ಮೂಲೆಯನ್ನು ಬೆರಳಿನಿಂದ ನೇರ ಮಾಡಿದ.

"ಮರ್ತಿದ್ದು ಸೋಮವಾರ ಮಧ್ಯಾಹ್ನದವರೆಗೆ ಅಣ್ಣ. ಅವಳು ಬಿದ್ದ ತಕ್ಷಣ ನಿಮಗೆ ನೆನಪಾಯ್ತು. ಬಾಗಿಲು ಹಾಕ್ಕೊಂಡು ಬರ್ತೀನಿ ಅಂದು ಆಟೋ ತೆಗೆದು ಬಂದ್ರಲ್ಲ."

"ತಿಂಗ್ಳಲ್ಲಿ ನಂದು ಮುಗೀತದೆ. ಏಳು ವರ್ಸ ಕಣಮ್ಮಿ. ನೀ ಹೇಳುದ್ರೆ ಅವ್ಳ ಬೆರಳು ಬತ್ತವಾ?" ಅವನ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನೋಡಿ ನನಗೆ ಇನ್ನೂ ಹೆಚ್ಚು ಭಯವಾಯಿತು. ನನ್ನ ಬ್ಯಾಕ್ಟೀರಿಯಾಗಳಿಗೆ ಆಹಾರ ಹಾಕಿದ್ದವನೇ ಇವನು. ಆ ಅರ್ಧ ಗಂಟೆಯಲ್ಲಿ ನಸ್ರೀನಳ ಉಸಿರು ನಿಂತಿದ್ದರೂ ಇವನು ಮೊದಲು ಮೂರು ಬಟನ್ ಒತ್ತಿ ಸರಿಮಾಡಿಯೇ ಬರುತ್ತಿದ್ದ.

ಮೇಡಂಗೆ ಹೇಳಿದೆ. ಅವರು, "ನೀನೇ ಸಹಿ ಮಾಡಿದೀಯ ಸವಿತಾ. ಈಗ ಬದಲಾಯಿಸಿದ್ರೆ ಯಾವುದನ್ನ ನಂಬೋದು?" ಎಂದರು. ಆಮೇಲೆ ಮೆಲ್ಲಗೆ, ನನ್ನ ಅನುಭವ ಪತ್ರ ಯಾವಾಗ ಬೇಕು ಎಂದು ಕೇಳಿದರು. ಮುಂದಿನ ತಿಂಗಳು ಎಂದೆ. ಮರು ತಿಂಗಳು ಆ ಪತ್ರ ತೆಗೆದುಕೊಂಡು ಲ್ಯಾಬು ಬಿಟ್ಟೆ. ಅದನ್ನು ತೋರಿಸಿಯೇ ಮಳವಳ್ಳಿಯ ಕೆಲಸ ಸಿಕ್ಕಿದ್ದು.

ಹೋದ ವಾರ ಬಸ್ಸಿನಿಂದಿಳಿದಾಗ ಇಬ್ರಾಹಿಂ ಸಾಬರು ಚಿಕ್ಕರಸಿನಕೆರೆಯ ಒಬ್ಬ ರೈತನ ಜೊತೆ ಜಗಳವಾಡುತ್ತಿದ್ದರು.

"ಏನ್ ಸಾಬ್ರೇ, ನಾಕ್ ತಿಂಗ್ಳಿಗೇ ಸುಟ್ಟೋಯ್ತಲ್ಲ ನಿಮ್ ಮೋಟ್ರು?"

"ನೀರಿಲ್ದಿರೋ ಬೋರಲ್ಲಿ ಓಡ್ಸುದ್ರೆ ಸುಡ್ದೆ ಇನ್ನೇನ್ ಮಾಡ್ತದೆ ಗೌಡ್ರೇ, ಮಜ್ಜಿಗೆ ಕಡೀತದಾ?"

ರೈತ ನಗುತ್ತಲೇ ಮೋಟಾರು ಇಳಿಸಿ ಹೊರಟ. ಸಾಬರು ನನ್ನನ್ನು ಗುರುತಿಸಿದರು. ಮುಖದ ನಗು ಹೋಯಿತು. "ಬಾ ಬೇಟಾ, ಕೂತ್ಕೋ" ಎಂದು ಸ್ಟೂಲಿನ ಧೂಳು ಒರೆಸಿದರು. ಒಳಗೆ ನಸ್ರೀನ್ ಎಡಗೈಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದಳು. ತಲೆಯೆತ್ತಿ ನೋಡಿದಳು. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಆ ಕ್ಲಿಪ್ಪು ಮಾಡ್ಕೊಟ್ಟಿದ್ದು ನಾನೇ" ಎಂದರು ಸಾಬರು, ನಾನು ಬಾಯಿ ತೆರೆಯುವ ಮುಂಚೆಯೇ. "ನನ್ ಮಗ್ಳು ಕರೆಂಟಿನ ಮನೇಲಿ ಉಟ್ಟಿದವ್ಳು. ಇಷ್ಟುದ್ದ ಇದ್ದಾಗ್ಲೇ ಫ್ಯೂಸ್ ಕೀಳ್ದೆ ಮೋಟ್ರು ಮುಟ್ತಿರ್ಲಿಲ್ಲ. ಅವ್ಳೆಂಗೆ ಕೈ ಆಕುದ್ಲು ಅಂತ ಮೂರು ವರ್ಸದಿಂದ ಕೇಳ್ತಾನೇ ಇವ್ನಿ. ಬೈದಿವ್ನಿ. ಮಾತಾಡಲ್ಲ."

ನಾನು ಹೇಳಿದೆ. ಶನಿವಾರ, ಮೂರು ಬಟನ್, ಹಸಿರು ಪೆನ್ನು, ಅರ್ಧ ಗಂಟೆ. ಸಾಬರು ಕೇಳಿದ್ದು ಒಂದೇ ಪ್ರಶ್ನೆ: "ಆಟೋ ಇತ್ತಾ?"

"ಇತ್ತು ಅಂಕಲ್."

ಅವರು ಹೊರಗೆ ಹೋಗಿ ಮೋಟಾರುಗಳ ಪಕ್ಕ ನಿಂತರು. ಬೆನ್ನು ನಮ್ಮ ಕಡೆ.

"ನಂಗೊತ್ತಿತ್ತು" ಎಂದಳು ನಸ್ರೀನ್. "ಗುಳ್ಳೆ ಎದ್ದಾಗ್ಲೇ ಗೊತ್ತಾಯ್ತು. ಮೋಟ್ರು ಅಂಗಡಿಯವಳಿಗೆ ಆಟೋ ಗೊತ್ತಾಗಲ್ವಾ? ಹೇಳ್ದೆ ಕೂಡ, ಮೇಡಂಗೆ. ಅವ್ರು ನಿನ್ನ ವರದಿ ತೋರ್ಸುದ್ರು. ನೋಡು, ನಿನ್ನ ಫ್ರೆಂಡೇ ಬರೆದಿದ್ದಾಳೆ, ಅವಳು ಅಲ್ಲೇ ಇದ್ದಳು ಅಂದ್ರು. ಆಮೇಲೆ ಅಬ್ಬಂಗೂ ಹೇಳಕ್ಕೋಗ್ಲಿಲ್ಲ." ತಂತಿಯ ಸುತ್ತು ಎಣಿಸಿ ನಿಲ್ಲಿಸಿದಳು. "ಶಿವಲಿಂಗಣ್ಣ ಅಂಗೆ ಮಾಡ್ದ ಅಂದ್ರೆ ಆಗ್ಲಿ ಅನ್ನು. ನಿನ್ನ ಸಹಿನ ಮೂರು ಸಲಿ ನೋಡ್ದೆ ಕಣೇ. ನಿಂದಲ್ವೇನೋ ಅಂತ."

ಮೂರು ವರ್ಷ ನಾನು ಮೋಸ ಹೋದವಳು ಎಂದುಕೊಂಡಿದ್ದೆ.

ಆಮೇಲೆ ಅವಳೇ ಹೇಳಿದಳು, ಬೇರೆ ಊರಿನ ಒಂದು ಲ್ಯಾಬಿಗೆ ಅರ್ಜಿ ಹಾಕಿದ್ದಾಳೆ. ಎಡಗೈಯಲ್ಲಿ ಪೈಪೆಟ್ ಹಿಡಿಯುವುದನ್ನು ಮನೆಯಲ್ಲೇ ಕಲಿತಿದ್ದಾಳೆ. ಅವರು ಹಳೆಯ ಲ್ಯಾಬಿನ ವರದಿ ತರಿಸಿಕೊಂಡು, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದ್ದಾರೆ.

ಬ್ಯಾಗಿನಿಂದ ಉತ್ತರ ಪತ್ರಿಕೆಯ ಖಾಲಿ ಹಾಳೆ ತೆಗೆದೆ. ಎಲ್ಲವನ್ನೂ ಬರೆದೆ. ಶನಿವಾರದ ಬದಲಾವಣೆ, ಯಾರಿಗೂ ಹೇಳದಿದ್ದದ್ದು, ಬಟನ್ ಒತ್ತದೆ ಎದ್ದ ಗುಳ್ಳೆ, ಆಮೇಲೆ ನಾನು ಸ್ವಿಚ್ಚು ಆರಿಸಿ ಹಾಕಿ ನೋಡಿದ್ದು. ಎರಡು ಪುಟವಾಯಿತು. ಸಹಿ ಹಾಕಿ ಕೊಟ್ಟೆ. ಅವಳು ಹಾಳೆಯನ್ನು ಎಡಗೈಯಲ್ಲಿ ಹಿಡಿದು, ಸ್ಪರ್ಶವಿಲ್ಲದ ಬೆರಳುಗಳಿಂದ ಕೆಳಗೆ ಆನಿಸಿಕೊಂಡು, ನಿಧಾನವಾಗಿ ಪೂರ್ತಿ ಓದಿದಳು. ವಾಪಸ್ ಕೊಟ್ಟಳು.

"ಒಂದು ಬಿಟ್ಟಿದೀಯ" ಎಂದಳು.

"ಏನು?"

"ನಿನ್ನ."

ಹೊರಗೆ ನನ್ನ ಬಸ್ಸಿನ ಹಿಂದಿನ ಬಸ್ಸು ಬಂದು ಹೋಯಿತು. ನಾನು ಸಹಿಯನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದೆ: "ಇದು ಹನ್ನೊಂದನೆಯ ದಿನವೇ ನನಗೆ ತಿಳಿದಿತ್ತು. ಅನುಭವ ಪತ್ರ ತೆಗೆದುಕೊಂಡು ಮೂರು ವರ್ಷ ಸುಮ್ಮನಿದ್ದೆ." ಮತ್ತೆ ಸಹಿ ಹಾಕಿದೆ. ನಸ್ರೀನ್ ಆ ಸಹಿಯನ್ನು ಒಂದೇ ಸಲ ನೋಡಿ, ಹಾಳೆಯನ್ನು ಮಡಿಸಿಟ್ಟುಕೊಂಡಳು.